ಉಲುರು ಕಡೆ ಇಬ್ಬರೇ ಹೊರಟಿದ್ದೀರಾ? ಕಾರು ಬುಕ್ ಮಾಡುವ ಮೊದಲು ಓದಿ

ಮೆಲ್ಬರ್ನ್, ಸಿಡ್ನಿಯಲ್ಲಿರುವ ನಮ್ಮವರಾಗಲಿ, ಬೆಂಗಳೂರಿನಿಂದ ನೇರ ಬರುವವರಾಗಲಿ, ಆಸ್ಟ್ರೇಲಿಯಾದ ನಡುಭಾಗದ ಮರುಭೂಮಿಗೆ ಹಾಕುವ ಪ್ಲಾನ್ ಸಾಮಾನ್ಯವಾಗಿ ಒಂದೇ. ಆಲಿಸ್ ಸ್ಪ್ರಿಂಗ್ಸ್‌ಗೆ ವಿಮಾನ, ಅಲ್ಲಿ ಬಾಡಿಗೆ ಕಾರು, ಉಲುರು ಎಂಬ ದೊಡ್ಡ ಒಂಟಿ ಬಂಡೆ, ಕಾಟಾ ಜೂಟಾ ಬಂಡೆಗುಡ್ಡಗಳು, ಕಿಂಗ್ಸ್ ಕ್ಯಾನ್ಯನ್ ಕಣಿವೆ, ಆಮೇಲೆ ಮೆರೀನಿ ಲೂಪ್ ಎಂಬ ದಾರಿ ಹಿಡಿದು ಮರಳಿ ಆಲಿಸ್. ಮೂರು ರಾತ್ರಿ, ನಾಲ್ಕು ದಿನ. ನಕ್ಷೆಯಲ್ಲಿ ಚೆಂದದ ಸುತ್ತು. ಅದು ಕೆಡುವ ರೀತಿಯೂ ಪ್ರತಿಸಲ ಹೆಚ್ಚುಕಡಿಮೆ ಒಂದೇ, ಮತ್ತು ಕೆಡುವುದು ಬಾಡಿಗೆ ಕೌಂಟರಿನಲ್ಲಿ ಓದದೆ ಸಹಿ ಹಾಕಿದ ಕಾಗದದಿಂದಲೇ ಶುರುವಾಗುತ್ತದೆ.

ಮೊದಲು ಕಿಲೋಮೀಟರ್ ಲೆಕ್ಕ. ಸಿಡ್ನಿಯಲ್ಲಿ ಬಾಡಿಗೆ ಕಾರಿಗೆ ಮಿತಿಯಿಲ್ಲದ ಕಿ.ಮೀ. ಸಿಗುವುದು ಮಾಮೂಲು, ಹಾಗಾಗಿ ಇಲ್ಲಿಯೂ ಹಾಗೇ ಅಂದುಕೊಳ್ಳುತ್ತಾರೆ. ಈ ಮರುಭೂಮಿ ಇರುವ ನಾರ್ದರ್ನ್ ಟೆರಿಟರಿಯಲ್ಲಿ ಅನೇಕ ಒಪ್ಪಂದಗಳು ಕೊಡುವುದು ದಿನಕ್ಕೆ 100 ಕಿ.ಮೀ. ಮಾತ್ರ. ಆಲಿಸ್‌ನಿಂದ ಉಲುರು ಬಳಿಯ ತಂಗುವ ಊರಾದ ಯುಲಾರಕ್ಕೆ ಸುಮಾರು 450, ಯುಲಾರದಿಂದ ಕಿಂಗ್ಸ್ ಕ್ಯಾನ್ಯನ್‌ಗೆ 300, ಅಲ್ಲಿಂದ ಡಾಂಬರು ರಸ್ತೆಯಲ್ಲೇ ಆಲಿಸ್‌ಗೆ ಮರಳಲು 475. ಯುಲಾರದಿಂದ ಉಲುರು 20, ಕಾಟಾ ಜೂಟಾ 50. ಅವಕ್ಕೆ ಹೋಗಿ ಬರುವುದೂ ಸೇರಿದರೆ 1,400 ಹತ್ತಿರ. ನಾಲ್ಕು ದಿನಕ್ಕೆ ಕೊಟ್ಟದ್ದು 400. ಉಳಿದ ಸಾವಿರಕ್ಕೆ ಕಿ.ಮೀ.ಗೆ 25 ಸೆಂಟ್ ಎಂದು ಹಿಡಿದರೂ 250 ಡಾಲರ್ ಹೆಚ್ಚುವರಿ, ಅದೂ ಕಾರು ಹಿಂತಿರುಗಿಸಿದ ಮೇಲೆ ಕಾರ್ಡಿನಿಂದ ಕಡಿತವಾದಾಗ ಗೊತ್ತಾಗುತ್ತದೆ. ಅಗ್ಗದ ದಿನಬಾಡಿಗೆ ನೋಡಿ ಬುಕ್ ಮಾಡಿದವರೇ ಇಲ್ಲಿ ಹೆಚ್ಚು ಕೊಡುವುದು.

ಎರಡನೆಯದು ಕತ್ತಲು. ಊರಿನ ಹೊರಗೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಓಡಿಸಿದರೆ ಅಪಘಾತಕ್ಕೆ ವಿಮೆ ಇಲ್ಲ ಎಂಬ ಷರತ್ತು ಇಲ್ಲಿನ ಬಹಳಷ್ಟು ಒಪ್ಪಂದಗಳಲ್ಲಿದೆ. ಜೂನ್‌ನಲ್ಲಿ ಹೊತ್ತು ಮುಳುಗುವುದು ಸಂಜೆ ಆರರ ಸುಮಾರಿಗೆ. ಮಧ್ಯಾಹ್ನ ಒಂದಕ್ಕೆ ಇಳಿದು, ಕಾರು ಪಡೆದು, ಸೂಪರ್‌ಮಾರ್ಕೆಟ್ಟಿನಲ್ಲಿ ನೀರು ಮತ್ತು ಬ್ರೆಡ್ ಕೊಂಡು ಎರಡೂವರೆಗೆ ಹೊರಟರೆ ಯುಲಾರ ತಲುಪುವುದು ಏಳೂವರೆಗೆ. ಕೊನೆಯ ಒಂದೂವರೆ ಗಂಟೆ ವಿಮೆಯಿಲ್ಲದ ಕಾರಿನಲ್ಲಿ. ಕಾಂಗರೂಗಳು ರಸ್ತೆಯಂಚಿಗೆ ಬರುವುದೂ ಅದೇ ಹೊತ್ತಿಗೆ. ಉದ್ದಕ್ಕೂ ಬೇಲಿಯಿಲ್ಲದ ದನದ ಫಾರ್ಮುಗಳು, ಕಾಡು ಒಂಟೆಗಳು ಬೇರೆ. 110ರಲ್ಲಿ ಹೋಗುವಾಗ ಒಂಟೆ ಎದುರಾದರೆ ಅದರ ಕಾಲಿಗೆ ಬಂಪರ್ ಬಡಿದು ಇಡೀ ಮೈ ಗಾಜಿನ ಮೇಲೆ ಬೀಳುತ್ತದೆ. ತಡವಾಗಿ ಇಳಿದವರು ಆ ರಾತ್ರಿ ಆಲಿಸ್‌ನಲ್ಲೇ ಉಳಿಯಿರಿ, ಇಲ್ಲವೇ 200 ಕಿ.ಮೀ. ದೂರದ ಎರ್ಲ್‌ಡಂಡಾ ರೋಡ್‌ಹೌಸ್‌ನಲ್ಲಿ ಕೋಣೆ ಹಿಡಿಯಿರಿ. ಉಲುರುವಿನ ಸೂರ್ಯಾಸ್ತ ನೋಡಿ ಯುಲಾರಕ್ಕೆ ಮರಳುವ ಆ 20 ಕಿ.ಮೀ. ಒಪ್ಪಂದದಲ್ಲಿ ಬರುತ್ತದೆಯೇ ಎಂದೂ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಒಂದರ ಹಿಂದೆ ಒಂದು ಟ್ರೇಲರ್ ಎಳೆಯುವ, ರೋಡ್ ಟ್ರೇನ್ ಅನ್ನುವ ಲಾರಿಗಳು 53.5 ಮೀಟರ್‌ವರೆಗೂ ಉದ್ದ. ಎದುರು ಕನಿಷ್ಠ ಒಂದು ಕಿ.ಮೀ. ಖಾಲಿ ಕಾಣದೆ ಹಿಂದಿಕ್ಕಲು ಹೋಗಬೇಡಿ. ಎಡಬದಿಯ ಚಾಲನೆ ನಮಗೆ ರೂಢಿಯಾದ್ದರಿಂದ ಬರುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇನ್ನು ಮೆರೀನಿ ಲೂಪ್. ಕಿಂಗ್ಸ್ ಕ್ಯಾನ್ಯನ್‌ನಿಂದ ಹರ್ಮನ್ಸ್‌ಬರ್ಗ್ ಕಡೆಗೆ ಹೋಗುವ ಈ ದಾರಿ ಮೂಲನಿವಾಸಿಗಳ ಒಡೆತನದ ನೆಲದ ಮೇಲಿದೆ. ಸೆಂಟ್ರಲ್ ಲ್ಯಾಂಡ್ ಕೌನ್ಸಿಲ್‌ನ ಪರ್ಮಿಟ್ ಬೇಕು, ದಾರಿ ಬಿಟ್ಟು ಒಳಗಿಳಿಯುವಂತಿಲ್ಲ, ಡೇರೆ ಹಾಕುವಂತಿಲ್ಲ. ಪರ್ಮಿಟ್ ಸುಲಭವಾಗಿ, ಕಡಿಮೆ ಶುಲ್ಕಕ್ಕೆ ಸಿಗುತ್ತದೆ. ತೊಂದರೆ ಇರುವುದು ಅದರಲ್ಲಲ್ಲ. ಮಣ್ಣುರಸ್ತೆಯ ಭಾಗದಲ್ಲಿ ಅಡ್ಡಡ್ಡ ಅಲೆಗಳಂತೆ ಗಟ್ಟಿಯಾದ ಏಣುಗಳಿರುತ್ತವೆ. ಟೈರು, ಶಾಕ್ ಅಬ್ಸಾರ್ಬರ್ ಎರಡನ್ನೂ ಅವು ತಿನ್ನುತ್ತವೆ. ಸಾಮಾನ್ಯ ಟೂ ವೀಲ್ ಡ್ರೈವ್ ಕಾರಿನ ಒಪ್ಪಂದ ಮಣ್ಣುರಸ್ತೆಯನ್ನೇ ನಿಷೇಧಿಸುತ್ತದೆ. ನೋಡಲು ಎತ್ತರದ ಎಸ್‌ಯುವಿ ಆದಮಾತ್ರಕ್ಕೆ ಅದು ಫೋರ್ ವೀಲ್ ಡ್ರೈವ್ ಅಲ್ಲ, ಫೋರ್ ವೀಲ್ ಡ್ರೈವ್ ಆದಮಾತ್ರಕ್ಕೆ ಮಣ್ಣಿಗೆ ಅನುಮತಿ ಇದೆಯೆಂದೂ ಅಲ್ಲ. ಪೂರ್ಣ ವಿಮೆ ಕೊಂಡರೂ ಟೈರು, ಕಾರಿನ ತಳಭಾಗ, ನೀರು ದಾಟುವಾಗ ಆದ ಹಾನಿ, ತಾನಾಗೇ ಪಲ್ಟಿ ಹೊಡೆದದ್ದು ಇವನ್ನು ಹೊರಗಿಡುವುದು ಸಾಮಾನ್ಯ. ಮಳೆ ಬಂದರೆ ದಾರಿ ಮುಚ್ಚುತ್ತಾರೆ. ಮುಚ್ಚಿದ ದಾರಿಯಲ್ಲಿ ಹೋದರೆ ದಂಡ. ಹೊರಡುವ ಬೆಳಿಗ್ಗೆ ರಸ್ತೆಗಳ ಸ್ಥಿತಿ ತಿಳಿಸುವ ರೋಡ್ ರಿಪೋರ್ಟ್ ಎನ್‌ಟಿ ಜಾಲತಾಣ ನೋಡಿ. ಸಾಂಪ್ರದಾಯಿಕ ಆಚರಣೆಗಾಗಿ ಕೆಲವು ದಾರಿಗಳನ್ನು ಮುಚ್ಚುವುದೂ ಉಂಟು. ಅಲ್ಲಿ ಕಾರಣ ಕೇಳುತ್ತಾ ನಿಲ್ಲಬೇಡಿ, ಕಾರು ತಿರುಗಿಸಿ.

ಡಿಸೆಂಬರ್ ರಜೆಯಲ್ಲಿ ಬರುವವರ ಗೋಳು ಬೇರೆ. ಮುನ್ಸೂಚನೆ 36 ಡಿಗ್ರಿ ಅಥವಾ ಹೆಚ್ಚಿದ್ದರೆ ಕಿಂಗ್ಸ್ ಕ್ಯಾನ್ಯನ್‌ನ 6 ಕಿ.ಮೀ. ರಿಮ್ ವಾಕ್ ಅನ್ನು ಬೆಳಿಗ್ಗೆ 9ರೊಳಗೆ ಶುರು ಮಾಡಬೇಕು. ಕಾಟಾ ಜೂಟಾದ ವ್ಯಾಲಿ ಆಫ್ ದ ವಿಂಡ್ಸ್ ದಾರಿಯ ಬಹುಭಾಗ 11ಕ್ಕೆ ಮುಚ್ಚುತ್ತದೆ. ಬೇಸಿಗೆಯಲ್ಲಿ ಬಿಸಿಲು ಬಹುತೇಕ ದಿನವೂ ಅಷ್ಟಿರುತ್ತದೆ. ಯುಲಾರದಿಂದ ತಿಂಡಿ ತಿಂದು ಹೊರಟು, 300 ಕಿ.ಮೀ. ಓಡಿಸಿ, ಕ್ಯಾನ್ಯನ್‌ನ ಗೇಟಿನೆದುರು ಹೋಗಿ ನಿಂತು ಬಂದವರಿಗೆ ಲೆಕ್ಕವಿಲ್ಲ. ಅಲ್ಲಿ ನಡೆಯಬೇಕೆಂದರೆ ಹಿಂದಿನ ರಾತ್ರಿ ಅಲ್ಲೇ ತಂಗಬೇಕು. ನಡೆಯುವಾಗ ಗಂಟೆಗೆ ತಲಾ ಒಂದು ಲೀಟರ್ ನೀರು. ಕಾರಿನಲ್ಲಿ ತಲಾ ಹತ್ತು ಲೀಟರ್ ಬೇರೆ. ಜೂನ್, ಜುಲೈ ಹಿತ, ಆದರೆ ರಾತ್ರಿ ಸೊನ್ನೆಗಿಂತ ಕೆಳಗಿಳಿಯಬಹುದು. ನೊಣಕ್ಕೆ ತಲೆಯ ಬಲೆ ಕೊಳ್ಳಿ, ಫೋಟೋದಲ್ಲಿ ವಿಚಿತ್ರವಾಗಿ ಕಂಡರೂ ಪರವಾಗಿಲ್ಲ.

ಊರುಗಳ ನಡುವೆ ಫೋನ್ ಸಿಗ್ನಲ್ ಇಲ್ಲ. ಚಿಕ್ಕ ಊರುಗಳಲ್ಲಿಯೂ ಹೆಚ್ಚಾಗಿ ಟೆಲ್‌ಸ್ಟ್ರಾ ಕಂಪನಿಯದು ಮಾತ್ರ. ನಕ್ಷೆ ಮೊದಲೇ ಇಳಿಸಿಕೊಳ್ಳಿ. ಮಣ್ಣುರಸ್ತೆಗೆ ಹೋಗುವವರು ಸ್ಯಾಟಲೈಟ್ ಫೋನ್ ಅಥವಾ ಪಿಎಲ್‌ಬಿ (ತುರ್ತು ಸಂಕೇತ ಕಳಿಸುವ ಚಿಕ್ಕ ಸಾಧನ) ಬಾಡಿಗೆಗೆ ತನ್ನಿ. ಕಾರು ಕೆಟ್ಟರೆ ಕಾರಿನ ನೆರಳಲ್ಲೇ ಕೂರಿ. ಹುಡುಕುವವರಿಗೆ ಮೇಲಿನಿಂದ ಕಾಣುವುದು ಕಾರು, ನಡೆದು ಹೋದ ಇಬ್ಬರಲ್ಲ.

ಸಂಸ್ಕೃತಿಯ ವಿಷಯದಲ್ಲಿ ಆಗುವ ಎಡವಟ್ಟುಗಳಿಗೆ ದಂಡಕ್ಕಿಂತ ಮುಜುಗರ ಜಾಸ್ತಿ. ಉಲುರುವನ್ನು 1985ರ ಅಕ್ಟೋಬರ್ 26ರಂದು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಮರಳಿಸಲಾಯಿತು. 2019ರ ಅದೇ ದಿನದಿಂದ ಬಂಡೆ ಹತ್ತುವುದು ನಿಷಿದ್ಧ. ಹಳೆಯ ಬ್ಲಾಗ್ ಓದಿ ಹತ್ತುವ ಆಸೆಯಿಂದ ಇಂದಿಗೂ ಬರುವವರಿದ್ದಾರೆ. ಬುಡದ ಸುತ್ತಿನ ನಡಿಗೆ 10.6 ಕಿ.ಮೀ., ಅದೇ ನಿಜವಾಗಿ ನೋಡುವಂಥದ್ದು. ಆ ಸುತ್ತಿನಲ್ಲಿ ಕೆಲವು ಭಾಗಗಳು ಗಂಡಸರಿಗೆ ಅಥವಾ ಹೆಂಗಸರಿಗೆ ಮಾತ್ರ ಸೇರಿದ ಪವಿತ್ರ ತಾಣಗಳು. ಫಲಕ ಇರುವಲ್ಲಿ ಕ್ಯಾಮೆರಾ ಒಳಗಿಡಿ, ಸೆಲ್ಫಿಯ ಹಿನ್ನೆಲೆಯಲ್ಲಿ ಬಂದರೂ ಅದು ಫೋಟೋವೇ. ಕಲ್ಚರಲ್ ಸೆಂಟರ್ ಒಳಗೂ ಫೋಟೋ ಇಲ್ಲ. ಡ್ರೋನ್‌ಗೆ ಪರ್ಮಿಟ್ ಬೇಕು, ಜೋಡಿ ಫೋಟೋಗೆಂದು ತರಬೇಡಿ. ಕಲ್ಲು, ಮಣ್ಣು ಎತ್ತಿಕೊಳ್ಳಬೇಡಿ. ಹಾಗೆ ಒಯ್ದವರು ಕ್ಷಮೆ ಕೇಳಿ ಅಂಚೆಯಲ್ಲಿ ವಾಪಸ್ ಕಳಿಸುವುದು ಇಲ್ಲಿನ ರಾಷ್ಟ್ರೀಯ ಉದ್ಯಾನದವರಿಗೆ ನಿತ್ಯದ ಕೆಲಸವಾಗಿದೆ. ಮೂಲನಿವಾಸಿಗಳ ಅನೇಕ ಊರುಗಳಲ್ಲಿ ಮದ್ಯ ಒಯ್ಯುವುದೇ ಅಪರಾಧ. ಡಿಕ್ಕಿಯಲ್ಲಿ ಮುಚ್ಚಿದ ಬಾಟಲಿಯಿದ್ದರೂ ಸಿಕ್ಕಿಬೀಳುತ್ತೀರಿ.

ಮೂರೇ ರಾತ್ರಿ ಇದ್ದರೆ ಆಲಿಸ್ ಬಿಡಿ. ನೇರ ಯುಲಾರ ಪಕ್ಕದ ಏರ್ಸ್ ರಾಕ್ ವಿಮಾನ ನಿಲ್ದಾಣಕ್ಕೆ ಬನ್ನಿ, ಮೂರೂ ರಾತ್ರಿ ಅಲ್ಲೇ ಇರಿ, ಉಲುರು, ಕಾಟಾ ಜೂಟಾಕ್ಕೆ ಬಸ್ಸಿನಲ್ಲಿ ಹೋಗಿ. ಉದ್ಯಾನದ ಸಾಮಾನ್ಯ ಪಾಸ್ ಹೇಗೂ ಮೂರು ದಿನದ್ದು. ಕಿಂಗ್ಸ್ ಕ್ಯಾನ್ಯನ್ ಬೇಕೇ ಬೇಕೆಂದರೆ ಐದು ರಾತ್ರಿ ಇಡಿ, ಅದಕ್ಕಿಂತ ಕಡಿಮೆ ಅಂದರೆ ಬರೀ ಡ್ರೈವಿಂಗ್.

ಕೊನೆಗೆ ಖರೀದಿ. 2019ರಲ್ಲಿ ಬಿರೂಬಿ ಆರ್ಟ್ ಎಂಬ ಕಂಪನಿಗೆ ಫೆಡರಲ್ ಕೋರ್ಟ್ 23 ಲಕ್ಷ ಡಾಲರ್ ದಂಡ ಹಾಕಿತು. ಇಂಡೋನೇಷ್ಯಾದಲ್ಲಿ ಮಾಡಿದ ಬೂಮರಾಂಗ್, ಡಿಜೆರಿಡೂ ಎಂಬ ಊದುವ ವಾದ್ಯಗಳನ್ನು ಮೂಲನಿವಾಸಿಗಳು ಮಾಡಿದ್ದೆಂದು ಬಿಂಬಿಸಿ ಮಾರಿತ್ತು. ಅಂದಹಾಗೆ ಡಿಜೆರಿಡೂ ಈ ಮರುಭೂಮಿಯದ್ದಲ್ಲ, ಅದು ಉತ್ತರದ ಆರ್ನ್‌ಹೆಮ್ ಲ್ಯಾಂಡ್ ಕಡೆಯದು. ಚಿತ್ರ ಕೊಳ್ಳುವಾಗ ಮೂರು ಕೇಳಿ: ಕಲಾವಿದರ ಹೆಸರು, ಅವರ ಊರು, ಯಾವ ಆರ್ಟ್ ಸೆಂಟರಿನ ಎಷ್ಟನೇ ಕ್ಯಾಟಲಾಗ್ ನಂಬರ್. ಮೂರರಲ್ಲಿ ಒಂದಕ್ಕೆ ಅಂಗಡಿಯವರು ತಡವರಿಸಿದರೆ, ಪ್ರಮಾಣಪತ್ರ ಎಷ್ಟೇ ಚೆಂದವಿರಲಿ, ಅಲ್ಲಿ ಕೊಳ್ಳಬೇಡಿ. ಆಲಿಸ್‌ನಲ್ಲಿ ಪಪುನ್ಯಾ ಟೂಲಾ, ಉಲುರುವಿನಲ್ಲಿ ಮರುಕು ಆರ್ಟ್ಸ್, ಎರಡೂ ಕಲಾವಿದರದ್ದೇ ಒಡೆತನದವು. ಮರುಕುವಿನಲ್ಲಿ ಸುಟ್ಟ ಗೆರೆಗಳ ಚಿಕ್ಕ ಮರದ ಹಲ್ಲಿಗಳು ಸಿಗುತ್ತವೆ, ಕೈಚೀಲದಲ್ಲಿ ಹಿಡಿಸುತ್ತವೆ.