‘ದ್ವೀಪ’: ಅಜ್ಜಿಯ ಪಕ್ಕ ಕೂತು ನೋಡಿದ ಸಿನಿಮಾ

ನಮ್ಮಜ್ಜಿಯ ತವರುಮನೆ ಈಗ ಶರಾವತಿಯ ಲಿಂಗನಮಕ್ಕಿ ಹಿನ್ನೀರಿನ ತಳದಲ್ಲಿದೆ. ಅಣೆಕಟ್ಟು ಮುಗಿದ 1964ರಲ್ಲಿ ಅವರಿಗೆ 14 ವರ್ಷ. ಹೋದ ಮಳೆಗಾಲದಲ್ಲಿ ಅವರ ಜೊತೆ ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ ನೋಡಿದೆ. ಮೊದಲೊಮ್ಮೆ ಮೊಬೈಲಿನಲ್ಲಿ ನೋಡಿದ್ದೆ. ಆಗ ಅರ್ಧವೂ ಮನಸ್ಸಿಗೆ ಇಳಿದಿರಲಿಲ್ಲ.

ಕಥೆ ಸಾಗರದ ನಾ. ಡಿ'ಸೋಜ ಅವರದು. ಅಣೆಕಟ್ಟಿನ ನೀರು ಏರುತ್ತಿದೆ, ಸೀತಾಪರ್ವತದ ಜನ ಊರು ಬಿಡುತ್ತಿದ್ದಾರೆ. ಕೊನೆಗೆ ಉಳಿಯುವುದು ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ಇವರದು ದೇವರ ಪೂಜೆ ಮಾಡುವ ಮನೆ. ಪರಿಹಾರ ಕೊಡುವವರು ಜಮೀನು ಅಳೆಯುತ್ತಾರೆ, ಮರ ಎಣಿಸುತ್ತಾರೆ. ಆ ಬೆಟ್ಟದ ಮೇಲೆ ಈ ಮನೆಗಿದ್ದ ಮರ್ಯಾದೆಯನ್ನು ಯಾವ ಲೆಕ್ಕಕ್ಕೆ ಬರೆಯುವುದು? ಗಣಪನ ಸಿಟ್ಟೆಲ್ಲ ಅಲ್ಲಿದೆ. ಅಜ್ಜಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. "ನಮ್ಮಪ್ಪಯ್ಯನೂ ಹೀಗೇ ಜಗಲಿ ಮೇಲೆ ಕೂತಿದ್ರು, ಮಾತೇ ಆಡ್ಲಿಲ್ಲ" ಅಂದರು.

ಮಳೆಯನ್ನು ಹೀಗೆ ತೋರಿಸಿದ ಕನ್ನಡ ಸಿನಿಮಾ ನಾನು ಬೇರೆ ನೋಡಿಲ್ಲ. ಅದು ಹಾಡಿಗೆ ಸುರಿಸುವ ಮಳೆಯಲ್ಲ, ಹಿಡಿದರೆ ಬಿಡದ ಮಲೆನಾಡಿನ ಜಡಿಮಳೆ. ಒಲೆ ಹತ್ತುವುದಿಲ್ಲ, ಬಟ್ಟೆ ಒಣಗುವುದಿಲ್ಲ, ರಾತ್ರಿಯೆಲ್ಲ ಅದೇ ಸದ್ದು. ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾ ನೀರನ್ನು ಚಂದ ಮಾಡಲು ಹೋಗದೆ, ಅದು ಹತ್ತಿರ ಬರುವುದನ್ನು ಕಾಯುತ್ತದೆ. ದಯವಿಟ್ಟು ಮೊಬೈಲಿನಲ್ಲಿ ನೋಡಬೇಡಿ. ದೊಡ್ಡ ಪರದೆ ಇಲ್ಲದಿದ್ದರೆ ಒಳ್ಳೆಯ ಇಯರ್‌ಫೋನ್ ಆದರೂ ಇರಲಿ.

ನಾಗಿಯಾಗಿ ಸೌಂದರ್ಯ ಇದ್ದಾರೆ. ಸಿನಿಮಾಕ್ಕೆ ದುಡ್ಡು ಹಾಕಿದ್ದೂ ಅವರೇ. ಇದಕ್ಕೆ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಸ್ವರ್ಣ ಕಮಲವೂ ಬಂತು. 2004ರಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಇನ್ನೆಷ್ಟು ಇಂಥ ಸಿನಿಮಾ ಮಾಡುತ್ತಿದ್ದರೋ ಅನ್ನಿಸಿ ಸಂಕಟವಾಗುತ್ತದೆ. ಮನೆ ಉಳಿಸಲು ನಾಗಿ ಪಡಬಾರದ ಪಾಡು ಪಡುತ್ತಾಳೆ. ಮಳೆ ನಿಂತ ಮೇಲೆ ಗಣಪ ಎಲ್ಲವನ್ನೂ ದೇವರ ದಯೆ ಅನ್ನುತ್ತಾನೆ. ಆಗ ಅವಳ ಮುಖ ನೋಡಿ. ದುಗ್ಗಜ್ಜನಾಗಿ ಎಂ.ವಿ. ವಾಸುದೇವರಾವ್ ಕೂಡ ಅಷ್ಟೇ ಚೆನ್ನ.

ಒಂದು ಕೊರತೆ ಹೇಳಲೇಬೇಕು. ನಾಗಿಯ ಹಳೆಯ ಗೆಳೆಯ ಕೃಷ್ಣ ಬಂದ ಮೇಲೆ ಗಂಡನ ಅನುಮಾನವೇ ಜಾಸ್ತಿಯಾಗಿ, ಅಣೆಕಟ್ಟಿನ ವಿಷಯ ಹಿಂದೆ ಸರಿಯುತ್ತದೆ. ಊರು ಬಿಟ್ಟವರು ಏನಾದರು ಅನ್ನುವುದೂ ಸಿಗುವುದಿಲ್ಲ. ನನಗೆ ಬೇಕಿದ್ದದ್ದು ಅದು. ಅಜ್ಜಿಯ ಮನೆಯವರನ್ನು ಲಾರಿಯಲ್ಲಿ ಶಿವಮೊಗ್ಗದ ಕಡೆ ಕರೆತಂದು ಕಾಡಿನಲ್ಲಿ ಇಳಿಸಿದ್ದರು. ಒರಳುಕಲ್ಲು ಹೊರಲಾಗದೆ ಅಲ್ಲೇ ಬಿಟ್ಟು ಬಂದಿದ್ದರಂತೆ. ಶರಾವತಿ ಮುಳುಗಡೆಯವರು ಇವತ್ತಿಗೂ ಹಕ್ಕುಪತ್ರಕ್ಕೆ ಹೋರಾಡುತ್ತಿದ್ದಾರೆ, ಅಲ್ವಾ? ಆ ಕಥೆಗೆ ಇನ್ನೊಂದು ಸಿನಿಮಾ ಬೇಕು.

ನಿಮ್ಮ ಮನೆಯಲ್ಲಿ ಮುಳುಗಡೆ ಕಂಡ ಹಿರಿಯರಿದ್ದರೆ ಅವರ ಜೊತೆಗೇ ನೋಡಿ. ನಡುವೆ ಅವರು ಮಾತು ತೆಗೆದರೆ ಸಿನಿಮಾ ನಿಲ್ಲಿಸಿ. ನಾವು ನಾಲ್ಕು ಸಲ ನಿಲ್ಲಿಸಿದೆವು.