ಕಾಲ ಕೂಡಿಬಾರದ ಪ್ರೀತಿ: ಮೂರು ಕಾದಂಬರಿಗಳ ಹೋಲಿಕೆ

ಪ್ರೀತಿ ನಿಜವಾಗಿದ್ದೂ ಕಾಲ ಕೂಡಿಬಾರದೆ ದೂರವಾದವರ ಕಥೆಗಳೆಂದರೆ ನನಗೆ ಅಚ್ಚುಮೆಚ್ಚು. ಜೇನ್ ಆಸ್ಟಿನ್ ಅವರ ‘ಪರ್ಸುಯೇಷನ್’ (1817), ಎಡಿತ್ ವಾರ್ಟನ್ ಅವರ ‘ದಿ ಏಜ್ ಆಫ್ ಇನೊಸೆನ್ಸ್’ (1920) ಮತ್ತು ಗಾರ್ಸಿಯಾ ಮಾರ್ಕ್ವೆಜ್ ಅವರ ‘ಲವ್ ಇನ್ ದ ಟೈಮ್ ಆಫ್ ಕಾಲರಾ’ (1985) ಕಾದಂಬರಿಗಳನ್ನು ಒಂದರ ಬೆನ್ನಿಗೆ ಒಂದರಂತೆ ಓದುವಾಗ, ಕಳೆದುಹೋದ ವರ್ಷಗಳ ಭಾರ ಓದುವವರ ಮೇಲೂ ಬೀಳುವುದು ಯಾವುದರಲ್ಲಿ ಎಂಬುದನ್ನೇ ಮುಖ್ಯವಾಗಿ ಗಮನಿಸಿದೆ. ಇದನ್ನು ವಿವರಿಸಲು ಕಥೆಗಳ ಕೊನೆಯನ್ನೂ ಹೇಳಬೇಕಾಗುತ್ತದೆ.

ಮಾರ್ಕ್ವೆಜ್ ಅವರ ಫ್ಲೊರೆಂಟಿನೋ ತಾನು ಪ್ರೀತಿಸಿದ ಫರ್ಮಿನಾಗಾಗಿ ಕಾಯುವುದು 51 ವರ್ಷ, 9 ತಿಂಗಳು, 4 ದಿನ. ಆದರೆ ಆ ನಡುವಿನ ಕಾಲದಲ್ಲಿ ಫರ್ಮಿನಾ ಮತ್ತು ಡಾ. ಉರ್ಬಿನೋ ನಡೆಸಿದ ದಾಂಪತ್ಯವನ್ನು, ಸ್ನಾನದ ಮನೆಯ ಸೋಪಿಗಾಗಿ ಎದ್ದ ಜಗಳದ ಸಮೇತ, ಎಷ್ಟು ಜೀವಂತವಾಗಿ ಬರೆದಿದ್ದಾರೆಂದರೆ ಹೊರಗೆ ಕಾಯುತ್ತಿರುವವನು ನನಗೆ ಮರೆತೇ ಹೋಗುತ್ತಿದ್ದ. ಮುಪ್ಪಿನಲ್ಲಿ ಅವನು ತನ್ನ ಪಾಲನೆಗೆ ಒಪ್ಪಿಸಿದ್ದ 14 ವರ್ಷದ ಹುಡುಗಿಯನ್ನು ಬಳಸಿಕೊಂಡ ಮೇಲಂತೂ ಅವನ ಗೆಲುವಿಗೆ ಸಂತೋಷಪಡುವುದು ನನ್ನಿಂದಾಗಲಿಲ್ಲ.

‘ಪರ್ಸುಯೇಷನ್’ನಲ್ಲಿ ಅಗಲಿಕೆ ಎಂಟೇ ವರ್ಷದ್ದು, ಆದರೂ ಅದು ಹೆಚ್ಚು ಉದ್ದವೆನಿಸುತ್ತದೆ. 19ರ ಆನ್, ತಾಯಿಯಂತಿದ್ದ ಲೇಡಿ ರಸೆಲ್ ಅವರ ಮಾತಿಗೆ ಮಣಿದು, ಆಸ್ತಿಯಿಲ್ಲದ ನೌಕಾಧಿಕಾರಿ ವೆಂಟ್‌ವರ್ತ್‌ನನ್ನು ಬಿಟ್ಟುಕೊಡುತ್ತಾಳೆ. ಅವನು ಸಿರಿವಂತನಾಗಿ ಮರಳಿದಾಗ ಅವಳಿಗೆ 27. ಅವರು ಒಂದೇ ಕೋಣೆಯಲ್ಲಿ ಕುಳಿತಿದ್ದೂ ಮಾತಾಡದ ಪುಟಗಳನ್ನು ಓದುವಾಗ, ಅವನ ಒಂದೊಂದು ನೋಟವನ್ನೂ ಆನ್‌ಳ ಮನಸ್ಸಿನೊಳಗಿನಿಂದಲೇ ತೂಗಿ ನೋಡಬೇಕಾಗುತ್ತದೆ. ಅವನ ಪತ್ರ ಬರುವ 23ನೆಯ ಅಧ್ಯಾಯವನ್ನು ಎಲ್ಲರೂ ಹೊಗಳುತ್ತಾರೆ, ಅದು ಸರಿಯೇ. ನನ್ನನ್ನು ಹೆಚ್ಚು ಕಲಕಿದ್ದು ಆಮೇಲೆ ಬರುವ ಒಂದು ಚಿಕ್ಕ ಮಾತುಕತೆ. ಅಗಲಿ ಎರಡು ವರ್ಷವಾಗುವ ಹೊತ್ತಿಗೆ, ಕೈಯಲ್ಲಿ ಸ್ವಲ್ಪ ಹಣವಿದ್ದಾಗ, ಪತ್ರ ಬರೆದಿದ್ದರೆ ನೀನು ಒಪ್ಪುತ್ತಿದ್ದೆಯಾ ಎಂದು ವೆಂಟ್‌ವರ್ತ್ ಕೇಳುತ್ತಾನೆ. ಅವಳು ಖಂಡಿತ ಒಪ್ಪುತ್ತಿದ್ದಳು. ಮಿಕ್ಕ ಆರು ವರ್ಷಗಳನ್ನು ನುಂಗಿದ್ದು ಅವನ ಸ್ವಾಭಿಮಾನವೇ ಹೊರತು ವಿಧಿಯಲ್ಲ ಎಂದು ಅಲ್ಲಿ ತಿಳಿಯುತ್ತದೆ. ಆಸ್ಟಿನ್ ಮೊದಲು ಬರೆದಿದ್ದ ಮುಕ್ತಾಯದಲ್ಲಿ 23ನೆಯ ಅಧ್ಯಾಯದ ಆ ಪತ್ರವಿರಲಿಲ್ಲ. ಕೈಬಿಟ್ಟ ಆ ಅಧ್ಯಾಯದ ಹಸ್ತಪ್ರತಿ ಉಳಿದಿದೆ. ಅದನ್ನು ಓದಿದರೆ ತಿದ್ದುಪಡಿಯ ಬೆಲೆ ಗೊತ್ತಾಗುತ್ತದೆ.

ಕೊನೆಯ ಅಧ್ಯಾಯವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ವಾರ್ಟನ್ ಅವರದೇ ಮೇಲುಗೈ. 57ರ ವಿಧುರ ನ್ಯೂಲ್ಯಾಂಡ್, ಹಿಂದೆ ತಾನು ಪ್ರೀತಿಸಿದ್ದವಳನ್ನು ಸೇರಲು ಯಾವ ಅಡ್ಡಿಯೂ ಇಲ್ಲದಿರುವಾಗಲೂ, ಮಗನನ್ನಷ್ಟೇ ಎಲೆನ್‌ಳ ಮನೆಗೆ ಕಳಿಸಿ ತಾನು ಬೆಂಚಿನಿಂದೆದ್ದು ಹಿಂದಿರುಗುತ್ತಾನೆ. ಆದರೆ ಅಲ್ಲಿಯವರೆಗೆ ಎಲ್ಲವನ್ನೂ ಅವನೊಬ್ಬನ ಕಣ್ಣಿನಿಂದಲೇ ನೋಡಬೇಕಾದ್ದರಿಂದ ಎಲೆನ್ ಏನನ್ನು ಕಳೆದುಕೊಂಡಳೆಂಬುದು ಪೂರ್ತಿಯಾಗಿ ತಲುಪಲಿಲ್ಲ. ಆದ್ದರಿಂದ ಮೊದಲು ಓದಲು ನಾನು ‘ಪರ್ಸುಯೇಷನ್’ ಅನ್ನೇ ಸೂಚಿಸುತ್ತೇನೆ. ಕೊನೆಗೂ ಒಂದಾಗುವ ಕಥೆ ಬೇಡವೆನ್ನುವವರು ಮಾತ್ರ ವಾರ್ಟನ್ ಅವರಿಂದ ಆರಂಭಿಸಬಹುದು.