ನಿಮ್ಮ ಲ್ಯಾಪ್‌ಟಾಪ್ ಯಾರ ಮೇಲ್ ಐಡಿಯಲ್ಲಿದೆ? ಮುಂದಿನ ಅಪ್‌ಡೇಟ್ ಬರುವ ಮುಂಚೆ ನೋಡಿಕೊಳ್ಳಿ

ಹೊಸ ಲ್ಯಾಪ್‌ಟಾಪ್ ತಗೊಂಡಾಗ ಅಂಗಡಿಯವರೇ ಆನ್ ಮಾಡಿ, ಎಲ್ಲ ಹಾಕಿ, ರೆಡಿ ಮಾಡಿ ಕೊಟ್ಟಿದ್ದಾರಾ? ಹಾಗಿದ್ರೆ ಇದು ನಿಮಗೇ ಬರೆದದ್ದು. ಪೂರ್ತಿ ಓದೋಕೆ ಪುರುಸೊತ್ತಿಲ್ಲ ಅಂದ್ರೆ ಇಷ್ಟಾದರೂ ಮಾಡಿ. ಸೆಟ್ಟಿಂಗ್ಸ್ ತೆರೆಯಿರಿ, ಅಕೌಂಟ್ಸ್ ಒತ್ತಿ, ಅಲ್ಲಿ ಯಾರ ಮೇಲ್ ಐಡಿ ಇದೆ ನೋಡಿ. ನಿಮಗೆ ಗೊತ್ತೇ ಇಲ್ಲದ ಐಡಿ ಕಂಡರೆ ಮೊದಲು ವಿಂಡೋಸ್ ಅಪ್‌ಡೇಟನ್ನು ಒಂದು ವಾರ ಪಾಸ್ (pause) ಮಾಡಿ, ಅಂದ್ರೆ ಮುಂದೂಡಿ. ಫೈಲುಗಳನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಮಿಕ್ಕಿದ್ದನ್ನು ಆಮೇಲೆ ಓದಬಹುದು.

ಬೇರೆಯವರ ಐಡಿಯಲ್ಲಿದ್ದ ಲ್ಯಾಪ್‌ಟಾಪ್ ಅಪ್‌ಡೇಟ್ ಆದ ಮೇಲೆ ಬೀಗ ಬಿದ್ದು ಕೂತದ್ದು ನಮ್ಮ ಮಾಮಾನಿಗೆ. ಬ್ಯಾಡಗಿಯಲ್ಲಿ ಅವರದು ಮೆಣಸಿನಕಾಯಿ ದಲಾಲಿ ಅಂಗಡಿ. ಲ್ಯಾಪ್‌ಟಾಪ್ ತಗೊಂಡದ್ದು ಹುಬ್ಬಳ್ಳಿಯಲ್ಲಿ. ಅಂಗಡಿಯ ಹೆಸರು ಬರೆಯಲ್ಲ. ಬರೆದರೆ ಮಾತೆಲ್ಲ ಆ ಅಂಗಡಿಯ ಸುತ್ತಲೇ ತಿರುಗುತ್ತೆ, ಹೇಳಬೇಕಾದ ವಿಷಯ ಹಿಂದೆ ಬೀಳುತ್ತೆ.

ಬ್ಯಾಡಗಿ ಮಾರ್ಕೆಟ್ ಗೊತ್ತಿದ್ದವರಿಗೆ ಸೋಮವಾರ ಮತ್ತು ಗುರುವಾರ ಅಂದ್ರೆ ಏನು ಅಂತ ಹೇಳಬೇಕಿಲ್ಲ. ಸೀಸನ್‌ನಲ್ಲಿ ಆ ಎರಡು ದಿನ ಯಾರಿಗೂ ತಲೆ ಎತ್ತೋಕೆ ಟೈಮ್ ಇರಲ್ಲ. ಇನ್ನು ಮೈಕ್ರೋಸಾಫ್ಟ್‌ನವರು ತಿಂಗಳ ದೊಡ್ಡ ಅಪ್‌ಡೇಟ್ ಬಿಡೋದು ಎರಡನೇ ಮಂಗಳವಾರ, ಅಮೆರಿಕದ ಬೆಳಿಗ್ಗೆ. ನಮ್ಮಲ್ಲಿ ಆಗ ಮಂಗಳವಾರ ರಾತ್ರಿ ಆಗಿರುತ್ತೆ. ಬುಧವಾರ ಅದು ಲ್ಯಾಪ್‌ಟಾಪಿಗೆ ಇಳಿಯುತ್ತೆ. ಗುರುವಾರ ಮಾರ್ಕೆಟ್. ಯಾರೂ ಬೇಕಂತ ಮಾಡಿದ್ದಲ್ಲ, ಆದರೂ ನಮ್ಮ ಕಡೆಯವರಿಗೆ ಇದಕ್ಕಿಂತ ಕೆಟ್ಟ ಹೊತ್ತು ಸಿಗಲ್ಲ.

ಆ ಬುಧವಾರ ಸಂಜೆ ಅಂಗಡಿಯ ಗುಮಾಸ್ತ ಕೆಲಸ ಮುಗಿಸಿ ‘ಅಪ್‌ಡೇಟ್ ಅಂಡ್ ಶಟ್ ಡೌನ್’ ಒತ್ತಿ ಮನೆಗೆ ಹೋದ. ಅವನ ತಪ್ಪೇನೂ ಇಲ್ಲ, ಅದನ್ನೇ ಮಾಡಬೇಕು. ಆ ಸಲ ತಿಂಗಳ ಅಪ್‌ಡೇಟ್ ಜೊತೆ ಲ್ಯಾಪ್‌ಟಾಪ್ ಕಂಪನಿಯ ಬಯಾಸ್ (ವಿಂಡೋಸ್‌ಗಿಂತ ಮೊದಲು ಯಂತ್ರವನ್ನು ಎಬ್ಬಿಸೋ ಸಾಫ್ಟ್‌ವೇರ್) ಅಪ್‌ಡೇಟ್ ಕೂಡ ಬಂದಿತ್ತು. ಬೆಳಿಗ್ಗೆ ಆನ್ ಮಾಡಿದರೆ ವಿಂಡೋಸ್ ಇಲ್ಲ. ನೀಲಿ ಪರದೆ, ಮೇಲೆ ‘ಬಿಟ್‌ಲಾಕರ್ ರಿಕವರಿ’ ಅಂತ ತಲೆಬರಹ, ಕೆಳಗೆ ನಂಬರ್ ತುಂಬೋಕೆ ಒಂದು ಉದ್ದನೆಯ ಜಾಗ.

ಮಾಮಾ ಫೋಟೋ ತೆಗೆದು ವಾಟ್ಸಾಪ್ ಮಾಡಿದರು. ಹಿಂದೆಯೇ ಫೋನ್ ಬಂತು.

“ಅಳಿಯಾ, ಇದೇನೋ ನಂಬರ್ ಕೇಳಾಕತ್ತೈತಿ. ಓಟಿಪಿ ಏನಾರ ಬರ್ತೈತೇನು?”

ಓಟಿಪಿ ಅಲ್ಲ. ಅದು ಕೇಳೋದು 48 ಅಂಕಿಯ ರಿಕವರಿ ಕೀ. ಆರಾರು ಅಂಕಿಯ ಎಂಟು ಗುಂಪು. ಒಂದೊಂದು ಗುಂಪೂ 11ರಿಂದ ಭಾಗವಾಗುವ ಹಾಗೆ ಮಾಡಿರ್ತಾರೆ. ಅದಕ್ಕೇ ಒಂದು ಅಂಕಿ ತಪ್ಪು ಒತ್ತಿದರೂ ಆ ಗುಂಪು ಸರಿ ಇಲ್ಲ ಅಂತ ಕಂಪ್ಯೂಟರಿಗೆ ತಕ್ಷಣ ಗೊತ್ತಾಗುತ್ತೆ. ಊಹೆ ಮಾಡಿ ತೆಗೆಯೋ ಸಂಖ್ಯೆ ಅಲ್ಲ ಅದು.

ಇದು ಎಲ್ಲಿಂದ ಬಂತು ಅಂತ ನೋಡೋಣ. ವಿಂಡೋಸ್ 11ರಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಂತ ಒಂದು ಸೌಲಭ್ಯ ಇದೆ, ಪರದೆಯಲ್ಲಿ ಕಂಡ ಬಿಟ್‌ಲಾಕರ್ ಅದರದೇ ಬೀಗ. ಡಿಸ್ಕಿನಲ್ಲಿರೋ ಎಲ್ಲವನ್ನೂ ಬೀಗ ಹಾಕಿಡುತ್ತೆ. ಲ್ಯಾಪ್‌ಟಾಪ್ ಕಳುವಾದರೆ ಕದ್ದವನಿಗೆ ಫೈಲ್ ಓದೋಕೆ ಬರಲ್ಲ. ಒಳ್ಳೇದೇ. ತೊಂದರೆ ಎಲ್ಲಿ ಅಂದ್ರೆ, ಮೊದಲ ಸಲ ಯಾರು ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗ್ತಾರೋ, ಆಗ ಅದು ತಾನೇ ಆನ್ ಆಗಿ, ರಿಕವರಿ ಕೀಯನ್ನು ಅವರ ಅಕೌಂಟಿಗೆ ಕಳಿಸಿಬಿಡುತ್ತೆ. ಹೋಮ್ ಎಡಿಷನ್‌ನಲ್ಲೂ ಇದು ಇದೆ. 2024ರ ಅಕ್ಟೋಬರ್‌ನಲ್ಲಿ ಬಂದ 24ಎಚ್2 ಆವೃತ್ತಿಯಿಂದ ಈಚೆಗೆ ಹಾರ್ಡ್‌ವೇರ್ ನಿಯಮ ಸಡಿಲ ಮಾಡಿರೋದರಿಂದ ಇನ್ನೂ ಜಾಸ್ತಿ ಲ್ಯಾಪ್‌ಟಾಪ್‌ಗಳಲ್ಲಿ ತಾನಾಗೇ ಆನ್ ಆಗುತ್ತೆ.

ದಿನಾ ಆನ್ ಮಾಡುವಾಗ ಈ ಕೀ ಕೇಳಲ್ಲ. ಮದರ್‌ಬೋರ್ಡ್‌ನಲ್ಲಿರೋ ಟಿಪಿಎಂ ಅನ್ನೋ ಚಿಪ್ಪೇ ಬೀಗ ತೆಗೆದುಕೊಡುತ್ತೆ. ಊರಿಗೆ ಹೋಗುವಾಗ ಪಕ್ಕದ ಮನೆಯಲ್ಲಿ ಕೀಲಿ ಕೊಟ್ಟು ಹೋಗ್ತೀವಲ್ಲ, ಗುರುತಿನವರು ಬಂದರೆ ಕೊಡ್ತಾರೆ, ಮುಖ ಹೊಸದು ಅನ್ನಿಸಿದರೆ ಕೊಡಲ್ಲ. ಆ ಚಿಪ್ ಕೆಲಸವೂ ಅಷ್ಟೇ. ಬಯಾಸ್ ಬದಲಾದರೆ ಯಾರೋ ಕೈ ಹಾಕಿದ್ದಾರೆ ಅಂತ ತಿಳಿದು ಕೀಲಿ ಕೊಡೋದಿಲ್ಲ. ಸಾಮಾನ್ಯವಾಗಿ ಬಯಾಸ್ ಅಪ್‌ಡೇಟ್ ಹಾಕುವಾಗ ವಿಂಡೋಸ್ ಈ ತಪಾಸಣೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿರುತ್ತೆ. ಯಾವಾಗಲೂ ಅಲ್ಲ. ಬಯಾಸ್ ಇಲ್ಲದೆ ಬರೀ ವಿಂಡೋಸ್ ಅಪ್‌ಡೇಟ್‌ನಿಂದಲೂ ಹೀಗಾಗಿದೆ. 2024ರ ಜುಲೈ ಅಪ್‌ಡೇಟ್ ಹಾಕಿದ ಮೇಲೆ ಕೆಲವು ಕಂಪ್ಯೂಟರ್‌ಗಳು ಇದೇ ನೀಲಿ ಪರದೆಗೆ ಹೋದವು. ಮೈಕ್ರೋಸಾಫ್ಟ್ ಅದನ್ನು ಒಪ್ಪಿಕೊಂಡು ಆಗಸ್ಟ್ ಅಪ್‌ಡೇಟ್‌ನಲ್ಲಿ ಸರಿ ಮಾಡಿತು. 2025ರ ಮೇ ತಿಂಗಳಲ್ಲಿ ವಿಂಡೋಸ್ 10ರ ಕೆಲವು ಯಂತ್ರಗಳಲ್ಲಿ ಮತ್ತೆ ಅದೇ ಆಯಿತು.

ಕೀ ಕೈಯಲ್ಲಿದ್ದವರಿಗೆ ಇದೆಲ್ಲ ಐದು ನಿಮಿಷದ ಕಿರಿಕಿರಿ ಅಷ್ಟೇ.

ಮಾಮಾನ ಪರದೆಯಲ್ಲಿ ಕೀ ಯಾವ ಅಕೌಂಟ್‌ನಲ್ಲಿರಬಹುದು ಅಂತ ಒಂದು ಸುಳಿವು ಇತ್ತು. ಹೊಸ ಆವೃತ್ತಿಗಳಲ್ಲಿ ಅದನ್ನು ತೋರಿಸ್ತಾರೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಮೊದಲ ಅಕ್ಷರಗಳು ಮಾಮಾನ ಹೆಸರಿನವಲ್ಲ, ಮಕ್ಕಳದ್ದೂ ಅಲ್ಲ, ಗುಮಾಸ್ತನದ್ದೂ ಅಲ್ಲ. ಆಗಲೇ ಅರ್ಥ ಆಯಿತು. ಲ್ಯಾಪ್‌ಟಾಪ್ ಕೊಡುವಾಗ ಅಂಗಡಿಯ ಹುಡುಗ ತಾನೇ ಒಂದು ಮೇಲ್ ಐಡಿ ಮಾಡಿ ಸೆಟಪ್ ಮುಗಿಸಿದ್ದ. ಮಾಮಾನಿಗೆ ಕೊಟ್ಟದ್ದು ನಾಲ್ಕಂಕಿಯ ಪಿನ್ ಮಾತ್ರ. ದಿನಾ ಪಿನ್ ಒತ್ತಿದರೆ ತೆರೆಯುತ್ತಿತ್ತು, ಹಾಗಾಗಿ ಹಿಂದೆ ಬೇರೆಯವರ ಅಕೌಂಟ್ ಇದೆ ಅಂತ ಯಾರಿಗೆ ಅನುಮಾನ ಬರುತ್ತೆ ಹೇಳಿ.

ಅಂಗಡಿಗೆ ಹೋದೆ. ಕೌಂಟರ್‌ನಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. “ಆ ಹುಡುಗ ಕೆಲಸಾ ಬಿಟ್ಟ ಹೋಗ್ಯಾನ್ರಿ. ಅವಾ ಯಾವ ಐಡಿ ಹಾಕ್ಯಾನೋ ನಮಗ ಗೊತ್ತಿಲ್ರಿ.” ಹುಡುಗನ ನಂಬರ್ ಕೊಟ್ಟರು. ಅವನೂ ಪಾಪ ಫೋನ್ ಎತ್ತಿದ. ಆದರೆ ಪಾಸ್‌ವರ್ಡ್ ನೆನಪಿಲ್ಲ. ಆ ಐಡಿಗೆ ಕೊಟ್ಟಿದ್ದ ಮೊಬೈಲ್ ನಂಬರ್ ಈಗ ಚಾಲ್ತಿಯಲ್ಲಿಲ್ಲ. “ದಿನಾ ಅಷ್ಟ್ ಲ್ಯಾಪ್‌ಟಾಪ್ ಮಾಡತಿದ್ವಿ ಸರ್, ಯಾರದ್ದು ಅಂತ ನೆನಪಿಡೂದು.” ಕೊನೆಗೆ ಅಂಗಡಿಯವರು ಹೇಳಿದ್ದು ಇಷ್ಟು: “ಫಾರ್ಮ್ಯಾಟ್ ಮಾಡಿಕೊಡ್ತೀವ್ರಿ, ರೊಕ್ಕಾ ಬ್ಯಾಡ.”

ರೊಕ್ಕ ಬೇಡವಂತೆ. ಹೋದ ಲೆಕ್ಕಕ್ಕೆ ಯಾರು ಕೊಡ್ತಾರೆ?

ಮೈಕ್ರೋಸಾಫ್ಟ್ ಸಪೋರ್ಟ್‌ಗೆ ಕೇಳಿದರೂ ಉಪಯೋಗ ಇಲ್ಲ. ಕಳೆದುಹೋದ ರಿಕವರಿ ಕೀಯನ್ನು ತಾವು ಹುಡುಕಿಕೊಡೋಕೆ, ಹೊಸದಾಗಿ ಮಾಡಿಕೊಡೋಕೆ ಆಗಲ್ಲ ಅಂತ ಅವರು ಸ್ಪಷ್ಟವಾಗಿ ಬರೆದಿದ್ದಾರೆ. ಇಲ್ಲೇ ಇನ್ನೊಂದು ಜಾತಿಯ ಜನ ಸಿಗ್ತಾರೆ. ಒಬ್ಬರು “₹8,000 ಕೊಡ್ರಿ, ಸಾಫ್ಟ್‌ವೇರ್ ಹಾಕಿ ಬಿಡಿಸ್ತೀನಿ, ಅರ್ಧಾ ಮೊದಲ ಕೊಡ್ರಿ” ಅಂದರು. ಕೊಡಬೇಡಿ. ಕೀ ಇಲ್ಲದೆ ಈ ಬೀಗ ಬಿಡಿಸ್ತೀನಿ ಅಂತ ಮುಂಗಡ ಕೇಳೋರು ಕೊನೆಗೆ ಮಾಡೋದು ಅದೇ ಫಾರ್ಮ್ಯಾಟ್. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ಹೆಲ್ಪ್‌ಲೈನ್ ನಂಬರಿಗೆ ಫೋನ್ ಮಾಡೋದಂತೂ ಬೇಡವೇ ಬೇಡ. ಫೋನಿನಲ್ಲಿ ಎನಿಡೆಸ್ಕ್ (ದೂರದಿಂದಲೇ ನಿಮ್ಮ ಪರದೆ ನೋಡೋ ಆ್ಯಪ್) ಹಾಕಿಕೊಳ್ಳಿ ಅಂತಾರೆ, ಆಮೇಲೆ ಬ್ಯಾಂಕಿನ ದುಡ್ಡಿಗೂ ಕೈ ಬೀಳುತ್ತೆ. ಹಾಗೆ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಏನು ಹೋಯಿತು ಅಂತ ಹೇಳಿಬಿಡ್ತೀನಿ. ಮಾರಾಟದ ಲೆಕ್ಕ ಅಷ್ಟಾಗಿ ಹೋಗಲಿಲ್ಲ. ಎಪಿಎಂಸಿಯ ಇ-ಟೆಂಡರ್‌ನಲ್ಲಿ ಲಾಟ್‌ಗಳ ದಾಖಲೆ ಇರುತ್ತೆ, ತೂಕದ ಚೀಟಿ ಕಾಗದದಲ್ಲಿರುತ್ತೆ. ಕೂತು ಮತ್ತೆ ಟೈಪ್ ಹೊಡೆದರು. ಹೋದದ್ದು ರೈತರಿಗೆ ಕೊಟ್ಟ ಮುಂಗಡದ ಲೆಕ್ಕ. ಬೀಜಕ್ಕೆ, ಗೊಬ್ಬರಕ್ಕೆ, ಮದುವೆಗೆ ಅಂತ ಕೊಟ್ಟದ್ದು, ಅರ್ಧ ತೀರಿಸಿದ್ದು, ಮತ್ತೆ ತಗೊಂಡದ್ದು. ಅದು ಆ ಲ್ಯಾಪ್‌ಟಾಪಿನಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ಪೆನ್ ಡ್ರೈವ್‌ನಲ್ಲಿ ದೀಪಾವಳಿಗೆ ಮಾಡಿದ ಕಾಪಿ ಇತ್ತು, ಆಮೇಲಿಂದು ಇಲ್ಲ. ಕೆಲವು ರೈತರು ತಾವೇ ಬಂದು “ನನ್ನ ಬಾಕಿ ಇಷ್ಟೈತ್ರಿ” ಅಂದರು. ಕೆಲವರು ಬರಲಿಲ್ಲ. ಬರದವರನ್ನು ಕೇಳೋಣ ಅಂದ್ರೆ ಮಾಮಾನ ಕೈಯಲ್ಲಿ ತೋರಿಸೋಕೆ ಒಂದು ಚೀಟಿಯೂ ಇಲ್ಲ.

ಇದಾದ ಮೇಲೆ ಮಾರ್ಕೆಟ್‌ನಲ್ಲಿ ಸುದ್ದಿ ಹಬ್ಬಿತು. ಅಪ್‌ಡೇಟ್ ಮಾಡಿದ್ದಕ್ಕೇ ಹಿಂಗಾತು ಅಂತ. ಯಾರೋ ಒಬ್ಬರನ್ನು ಕರೆಸಿ ಸುತ್ತಲಿನ ಅಂಗಡಿಗಳಲ್ಲಿ ವಿಂಡೋಸ್ ಅಪ್‌ಡೇಟನ್ನೇ ಪೂರ್ತಿ ಬಂದ್ ಮಾಡಿಸೋಕೆ ಹೊರಟಿದ್ದರು. ನನಗೆ ಲ್ಯಾಪ್‌ಟಾಪ್ ಹೋದದ್ದಕ್ಕಿಂತ ಇದೇ ಜಾಸ್ತಿ ಚಿಂತೆ ಆಯಿತು.

ಅಪ್‌ಡೇಟ್ ಅಂದ್ರೆ ಭಯ ಬೀಳೋದು ಸುಳ್ಳಲ್ಲ. 2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10 ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಫೈಲುಗಳನ್ನೇ ಅಳಿಸಿತ್ತು, ಮೈಕ್ರೋಸಾಫ್ಟ್ ಅದನ್ನು ಹಿಂದಕ್ಕೆ ತಗೊಂಡು ಸರಿ ಮಾಡಬೇಕಾಯಿತು. ಆದರೆ ಬಂದ್ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ವಾನಾಕ್ರೈ ನೋಡಿ. ಆ ವೈರಸ್ ನುಗ್ಗುವ ತೂತನ್ನು ಮುಚ್ಚುವ ಅಪ್‌ಡೇಟ್ 2017ರ ಮಾರ್ಚ್ 14ಕ್ಕೇ ಬಂದಿತ್ತು. ವೈರಸ್ ಹರಡಿದ್ದು ಮೇ 12ಕ್ಕೆ. ನಡುವೆ ಸುಮಾರು ಎರಡು ತಿಂಗಳು ಇತ್ತು. ಹಾಕಿಕೊಳ್ಳದವರ ಫೈಲುಗಳಿಗೆ ಬೀಗ ಬಿತ್ತು, ಬಿಡಿಸೋಕೆ ದುಡ್ಡು ಕೇಳಿದರು. ಬ್ರಿಟನ್‌ನಲ್ಲಿ ಆಸ್ಪತ್ರೆಗಳೇ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅಪ್‌ಡೇಟ್ ಬಂದ್ ಮಾಡಿ ಕೊಡೋ ರಿಪೇರಿಯವರು ಇದನ್ನು ಹೇಳಲ್ಲ. “ಫಾಸ್ಟ್ ಆಗ್ತೈತ್ರಿ” ಅಂತಷ್ಟೇ ಹೇಳ್ತಾರೆ. ಮಾರ್ಕೆಟ್ ದಿನ ತೊಂದರೆ ಬೇಡ ಅಂದ್ರೆ ಪಾಸ್ ಮಾಡಿಟ್ಟು, ಶುಕ್ರವಾರ ಸಂಜೆ ಹಾಕಿಕೊಳ್ಳಿ. ವಿಂಡೋಸ್ 11ರಲ್ಲಿ ಐದು ವಾರದವರೆಗೂ ಮುಂದೂಡಬಹುದು. ಬಯಾಸ್ ಅಪ್‌ಡೇಟ್ ಇದ್ದರೆ ಚಾರ್ಜರ್ ಹಚ್ಚಿಟ್ಟೇ ಹಾಕಿ, ನಡುವೆ ಆಫ್ ಮಾಡಬೇಡಿ.

ಪಕ್ಕದ ದಲಾಲಿ ಅಂಗಡಿಯವರೂ ಹುಬ್ಬಳ್ಳಿಯ ಅದೇ ಅಂಗಡಿಯಲ್ಲಿ ಲ್ಯಾಪ್‌ಟಾಪ್ ತಗೊಂಡಿದ್ದರು. ಕರೆದು ನೋಡಿದರೆ ಅವರದರಲ್ಲೂ ಅಂತಹದೇ ಗುರುತಿಲ್ಲದ ಐಡಿ. ಆದರೆ ಅವರದು ಇನ್ನೂ ತೆರೆಯುತ್ತಿತ್ತು. ತೆರೆಯೋವರೆಗೂ ಎಲ್ಲವನ್ನೂ ಸರಿ ಮಾಡಬಹುದು. ಮೊದಲು ಫೈಲುಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿದೆವು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಡಿವೈಸ್ ಎನ್‌ಕ್ರಿಪ್ಷನ್. ಅದನ್ನು ಆಫ್ ಮಾಡಿದೆವು. ಇದು ಕೂಡಲೇ ಮುಗಿಯೋ ಕೆಲಸ ಅಲ್ಲ, ಡಿಸ್ಕ್ ದೊಡ್ಡದಿದ್ದರೆ ಗಂಟೆಗಟ್ಟಲೆ ಹಿಡಿಯುತ್ತೆ, ಚಹಾ ಕುಡಿದು ಬನ್ನಿ. ಮುಗಿದ ಮೇಲೆ ಅವರದೇ ಮೊಬೈಲ್ ನಂಬರ್ ಕೊಟ್ಟು ಮೈಕ್ರೋಸಾಫ್ಟ್ ಅಕೌಂಟ್ ಮಾಡಿ, ಅದಕ್ಕೆ ಅಡ್ಮಿನ್ ಹಕ್ಕು ಕೊಟ್ಟು, ಅದರಿಂದ ಲಾಗಿನ್ ಆಗಿ, ಎನ್‌ಕ್ರಿಪ್ಷನ್ ಮತ್ತೆ ಆನ್ ಮಾಡಿದೆವು. ಈಗ ಹೊಸ ಕೀ ಅವರ ಅಕೌಂಟಿಗೆ ಬಂತು. ಮೊಬೈಲ್‌ನಿಂದ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿ, ಡಿವೈಸಸ್ ಪುಟದಲ್ಲಿ ರಿಕವರಿ ಕೀ ನಿಜವಾಗಿ ಇದೆಯಾ ಅಂತ ಕಣ್ಣಾರೆ ನೋಡಿದ ಮೇಲೇ ಬಿಟ್ಟದ್ದು. 48 ಅಂಕಿಗಳನ್ನೂ ಕಾಗದದ ಮೇಲೆ ಬರೆದು ತಿಜೋರಿಯಲ್ಲಿ ಇಟ್ಟರು. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮಾತ್ರ ಇಡಬೇಡಿ, ಕದ್ದವನಿಗೆ ಕೀಯನ್ನೂ ಕೊಟ್ಟ ಹಾಗಾಗುತ್ತೆ.

ಇದನ್ನು ಈಗಲೇ ಬರೆಯೋಕೆ ಕಾರಣ ಇದೆ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಮನೆ ಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತೆ, ಅಷ್ಟೇ. ಹಾಗಾಗಿ ಹಳೇ ಯಂತ್ರಕ್ಕೆ ವಿಂಡೋಸ್ 11 ಹಾಕಿಸೋಕೆ, ಇಲ್ಲ ಹೊಸದೇ ತಗೊಳ್ಳೋಕೆ ಜನ ಅಂಗಡಿಗೆ ಹೋಗೇ ಹೋಗ್ತಾರೆ. ಹೋದಾಗ ಕೌಂಟರ್‌ನಲ್ಲಿ ಹೇಳಿ, “ನೀವು ಐಡಿ ಹಾಕಬ್ಯಾಡ್ರಿ, ನಾ ಹಾಕ್ತೀನಿ” ಅಂತ. ನಿಮ್ಮ ಪಾಸ್‌ವರ್ಡ್ ನೀವೇ ಒತ್ತಿ. ಹಿಂದೆ ಎಷ್ಟೇ ದೊಡ್ಡ ಪಾಳಿ ಇದ್ದರೂ ಪರವಾಗಿಲ್ಲ, ಕಾಯಲಿ ಬಿಡಿ.

ಮೊಬೈಲಿಗೂ ಇದೇ ಮಾತು. ಅಂಗಡಿಯವರ ಜಿಮೇಲ್ ಹಾಕಿಕೊಟ್ಟ ಆಂಡ್ರಾಯ್ಡ್ ಫೋನ್ ಯಾವತ್ತೋ ಕೆಟ್ಟು ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ, ಮೊದಲಿದ್ದ ಅಕೌಂಟ್ ಕೇಳಿ ಕೂತುಬಿಡುತ್ತೆ. ಅವ್ವ, ಅಪ್ಪನ ಫೋನ್‌ಗಳನ್ನು ಒಂದು ಸಲ ತೆಗೆದು ನೋಡಿ.

ಈಗಾಗಲೇ ನೀಲಿ ಪರದೆ ಬಂದಿದ್ದರೆ ಯಾರು ಎಷ್ಟೇ ಹೇಳಿದರೂ ಫಾರ್ಮ್ಯಾಟ್‌ಗೆ ಕೊಡಬೇಡಿ. ಪರದೆಯ ಫೋಟೋ ತೆಗೆದುಕೊಳ್ಳಿ, ಅದರಲ್ಲಿರೋ ಕೀ ಐಡಿ (ಯಾವ ಕೀ ಬೇಕು ಅಂತ ತೋರಿಸೋ ಗುರುತು) ಬೇಕಾಗುತ್ತೆ. ಮನೆಯಲ್ಲಿ ಯಾರ್ಯಾರ ಹತ್ತಿರ ಮೈಕ್ರೋಸಾಫ್ಟ್ ಅಕೌಂಟ್ ಇದೆಯೋ ಎಲ್ಲರದನ್ನೂ ತೆರೆದು, ಆ ಕೀ ಐಡಿಯ ಮೊದಲ ಎಂಟು ಅಕ್ಷರ ಹೊಂದುವ ಕೀ ಇದೆಯಾ ನೋಡಿ. ಮಗ, ಮಗಳು ಆ ಲ್ಯಾಪ್‌ಟಾಪಿನಲ್ಲಿ ಕಾಲೇಜಿನ ಮೇಲ್ ಐಡಿ ಹಾಕಿದ್ದರೆ ಕೀ ಕಾಲೇಜಿನ ಅಕೌಂಟ್‌ನಲ್ಲೂ ಇರಬಹುದು, ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳೋರು ಹುಡುಕಿಕೊಡ್ತಾರೆ. ಅದೂ ಸಿಗಲಿಲ್ಲ ಅಂದ್ರೆ ಅಂಗಡಿಯಲ್ಲಿ ಆಗ ಸೆಟಪ್ ಮಾಡಿದವರು ಯಾರು ಅಂತ ಬಿಲ್ಲಿನ ತಾರೀಕು ತೋರಿಸಿ ಕೇಳಿ. ಮಾಮಾ ಆ ಹಳೇ ಡಿಸ್ಕನ್ನು ಫಾರ್ಮ್ಯಾಟ್‌ಗೆ ಕೊಡಲಿಲ್ಲ, ಬಿಚ್ಚಿಸಿ ತೆಗೆದಿಟ್ಟು ಲ್ಯಾಪ್‌ಟಾಪಿಗೆ ಬೇರೆ ಹಾಕಿಸಿದ್ದಾರೆ. ಆ ಹುಡುಗ ಹಳೇ ನಂಬರನ್ನು ಮತ್ತೆ ತಗೊಳ್ಳೋಕೆ ಆಗುತ್ತಾ ಅಂತ ವಿಚಾರಿಸ್ತೀನಿ ಅಂದಿದ್ದಾನೆ.